ಸಹಿ ಹಾಕದ ಅಪ್ಪ: ‘ತಿಥಿ’ಯನ್ನು ತಮ್ಮಣ್ಣನ ಕಡೆಯಿಂದ ನೋಡಿದಾಗ

‘ತಿಥಿ’ ಸಿನಿಮಾ ನೋಡಿದ ಯಾರನ್ನಾದರೂ ಕೇಳಿ, ಮೊದಲು ಬರುವ ಹೆಸರು ಗಡ್ಡಪ್ಪನದು. ಆಮೇಲೆ ಸೆಂಚುರಿ ಗೌಡ. ಅಭಿ, ಕುರಿಗಾಹಿ ಹುಡುಗಿ ಕಾವೇರಿ ಕೂಡ ನೆನಪಾಗುತ್ತಾರೆ. ತಮ್ಮಣ್ಣನ ಹೆಸರು ತಡವಾಗಿ ಬರುತ್ತದೆ. ಎಷ್ಟೋ ಸಲ ಹೆಸರೇ ಬರುವುದಿಲ್ಲ, ‘ಜಮೀನು ಮಾರಬೇಕು ಅಂತ ತಿರುಗ್ತಾನಲ್ಲ, ಆತ’ ಎನ್ನುತ್ತಾರೆ. ಈ ಚಿತ್ರದಲ್ಲಿ ಗಡ್ಡಪ್ಪ ನಡೆಯುತ್ತಾನೆ, ತಮ್ಮಣ್ಣ ಓಡಾಡುತ್ತಾನೆ. ನಡೆಯುವವನನ್ನು ಕನ್ನಡದ ಪ್ರೇಕ್ಷಕರು ಎದೆಗೆ ಅಪ್ಪಿಕೊಂಡರು. ಓಡಾಡುವವನ ಕಡೆಗೆ ಯಾರೂ ಸರಿಯಾಗಿ ನೋಡಲಿಲ್ಲ. ಚಿತ್ರ ಬಂದು ಇಷ್ಟು ವರ್ಷವಾದ ಮೇಲೆ ಅದನ್ನು ಮತ್ತೆ ನೋಡುವಾಗ ನನಗೆ ಕಾಡಿದ್ದು ಆ ಓಡಾಟ.

ಚಿತ್ರದ ವಿವರ ಬಹುತೇಕ ಓದುಗರಿಗೆ ಗೊತ್ತಿರುವಂಥದ್ದೇ, ಆದರೂ ಒಮ್ಮೆ ಹೇಳಿಬಿಡುತ್ತೇನೆ. ರಾಮ್ ರೆಡ್ಡಿ ನಿರ್ದೇಶಿಸಿದ, ಈರೇಗೌಡರು ಚಿತ್ರಕತೆಯಲ್ಲಿ ಜೊತೆಗೂಡಿದ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆಯಿತು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. 2016ರಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದಿತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಎಂಬ ಊರಿನಲ್ಲಿ, ಮೊದಲು ಕ್ಯಾಮೆರಾ ಎದುರಿಸಿರದ ಹಳ್ಳಿಯ ಜನರನ್ನೇ ಇಟ್ಟುಕೊಂಡು ತೆಗೆದದ್ದು. ನೂರೊಂದು ವರ್ಷದ ಸೆಂಚುರಿ ಗೌಡ ದಾರಿಬದಿ ಕೂತು ಹೋಗಿಬರುವವರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತ, ಎದ್ದು ನಾಲ್ಕು ಹೆಜ್ಜೆ ಹೋಗಿ ಕುಸಿದು ಸಾಯುತ್ತಾನೆ. ಹನ್ನೊಂದನೆಯ ದಿನ ತಿಥಿ. ಆ ಹನ್ನೊಂದು ದಿನಗಳಲ್ಲಿ ಮೂರು ತಲೆಮಾರಿನ ಗಂಡಸರು ಮೂರು ದಿಕ್ಕಿಗೆ ಹೋಗುತ್ತಾರೆ. ಹಿರಿಮಗ ಗಡ್ಡಪ್ಪನಿಗೆ ಅಪ್ಪನ ಸಾವೂ ಒಂದೇ, ಅಪ್ಪನ ಜಮೀನೂ ಒಂದೇ. ಟೈಗರ್ ಬ್ರಾಂಡಿಯ ಸೀಸೆ ಹಿಡಿದು ಗದ್ದೆಬದುವಿನ ಮೇಲೆ ತಿರುಗಿಕೊಂಡಿರುತ್ತಾನೆ. ಅವನ ಮಗ ತಮ್ಮಣ್ಣನಿಗೆ ಅಜ್ಜನ ಹೆಸರಲ್ಲಿರುವ ಐದು ಎಕರೆ ಚಿಕ್ಕಪ್ಪಂದಿರ ಪಾಲಾಗುವ ಮೊದಲು ಕೈಗೆ ಬರಬೇಕು. ತಮ್ಮಣ್ಣನ ಮಗ ಅಭಿ ಕಾವೇರಿಯ ಬೆನ್ನು ಬಿದ್ದಿದ್ದಾನೆ. ಜಮೀನಿನ ವಿಷಯದಲ್ಲಿ ಅಪ್ಪ ಬಗ್ಗದಿದ್ದಾಗ ತಮ್ಮಣ್ಣ ಅಪ್ಪ ಸತ್ತಿದ್ದಾನೆಂದು ಕಾಗದ ಮಾಡಿಸುತ್ತಾನೆ. ಕೈಗೆ ದುಡ್ಡು ಕೊಟ್ಟು, ಊರೂರು ತಿರುಗಿ ಬಾ ಎಂದು ಅಪ್ಪನನ್ನು ಸಾಗಹಾಕುತ್ತಾನೆ.

ವಿಮರ್ಶೆಗಳು ಈ ಕತೆಯನ್ನು ಸಾಮಾನ್ಯವಾಗಿ ಹೀಗೆ ಓದಿವೆ: ಆಸ್ತಿಗೆ ಅಂಟಿಕೊಂಡ ಲೋಕದಲ್ಲಿ ಗಡ್ಡಪ್ಪ ಬಿಡುಗಡೆ ಪಡೆದವನು, ತಮ್ಮಣ್ಣ ಆಸೆಗೆ ಬಲಿಯಾದವನು. ಈ ಓದು ತಪ್ಪೆಂದು ನಾನು ಹೇಳುವುದಿಲ್ಲ. ಚಿತ್ರವೇ ಅದಕ್ಕೆ ದಾರಿ ಮಾಡಿಕೊಡುತ್ತದೆ. ಆದರೆ ಈ ಓದಿನಲ್ಲಿ ಗಡ್ಡಪ್ಪ ಒಬ್ಬ ಅಪ್ಪ ಎಂಬ ಸಂಗತಿ ಜಾರಿಹೋಗುತ್ತದೆ. ತಮ್ಮಣ್ಣ ಕೂಡ ಬರೀ ಆಸೆಬುರುಕನಾಗಿ ಉಳಿದು, ನಡುವಯಸ್ಸು ಮುಟ್ಟಿಯೂ ಮಗನಾಗಿಯೇ ಕೈಕಟ್ಟಿ ನಿಲ್ಲಬೇಕಾದವನು ಎಂಬುದು ಕಾಣದೆ ಹೋಗುತ್ತದೆ. ‘ತಿಥಿ’ಯನ್ನು ವೈರಾಗ್ಯದ ಕತೆಯಾಗಿ ನೋಡುವುದನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಬೆಳೆದ ಮಕ್ಕಳನ್ನು ಸಾಕುವ ಕಷ್ಟದ ಕತೆಯಾಗಿ ನೋಡಬಹುದೆ? ಮೀಸೆ ಬಂದ ಮಗನಿಗೆ, ಮೀಸೆ ನರೆತ ಮಗನಿಗೆ, ಅಪ್ಪನಾದವನು ಏನು ಕೊಡಬೇಕು?

ಈ ಪ್ರಶ್ನೆ ನನಗೆ ಹೊಳೆದದ್ದು ಒಂದು ನಗುವಿನಿಂದ, ಅಥವಾ ನಗು ನಿಂತದ್ದರಿಂದ. ಬಳ್ಳಾರಿಯಲ್ಲಿ ನಾವು ನಾಲ್ಕೈದು ಸಂಶೋಧನಾ ವಿದ್ಯಾರ್ಥಿಗಳು ಬಾಡಿಗೆ ರೂಮಿನ ಗೋಡೆಗೆ ಪ್ರೊಜೆಕ್ಟರ್ ಹಾಕಿಕೊಂಡು ಭಾನುವಾರಗಳಂದು ಸಿನಿಮಾ ನೋಡುತ್ತೇವೆ. ‘ತಿಥಿ’ ಹಾಕಿದ ದಿನ ಸೆಂಚುರಿ ಗೌಡನ ಬೈಗುಳಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಗಡ್ಡಪ್ಪನಿಗೂ ನಕ್ಕರು. ತಮ್ಮಣ್ಣ ಕಾಗದಪತ್ರದ ಬೆನ್ನು ಹತ್ತಿ ಅಧಿಕಾರಿಯ ಮುಂದೆ ನಿಂತಾಗ ಮಾತ್ರ ರೂಮು ಗಪ್ಪಾಯಿತು. ಸಿರುಗುಪ್ಪ ಕಡೆಯ ಗೆಳೆಯನೊಬ್ಬ, ಅವರ ಮನೆಯದು ಕಾಲುವೆ ಕೆಳಗಿನ ಭತ್ತದ ಗದ್ದೆ, ಕತ್ತಲೆಯಲ್ಲೇ ಹೇಳಿದ: “ಏನ್ ಮಾಡ್ಬೇಕಪಾ ಆತ? ಅಪ್ಪ ಸಹಿನೂ ಹಾಕಂಗಿಲ್ಲ, ಸಾಯಂಗೂ ಇಲ್ಲ.”

ಅದು ಕ್ರೂರವಾದ ಮಾತು. ಆದರೆ ಆ ಗೆಳೆಯ ಕ್ರೂರಿಯಲ್ಲ. ತುಂಗಭದ್ರೆಯ ನೀರು ಬಂದ ಮೇಲೆ ಸಿರುಗುಪ್ಪ ಭಾಗದ ಎಕರೆಗೆ ಬೆಲೆ ಬಂತು, ಬೆಲೆಯ ಜೊತೆಗೆ ಪಹಣಿಗೂ ಬೆಲೆ ಬಂತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಪಹಣಿಯ ಒಂಬತ್ತನೆಯ ಕಾಲಂನಲ್ಲಿ ಎಂಬತ್ತರ ಅಜ್ಜನ ಹೆಸರಿರುತ್ತದೆ. ಗದ್ದೆಯಲ್ಲಿ ಐವತ್ತೈದರ ಮಗ ಇರುತ್ತಾನೆ. ಊರಿನ ಸರ್ಕಲ್‌ನಲ್ಲಿ ಇಪ್ಪತ್ತೈದರ ಮೊಮ್ಮಗ ಇರುತ್ತಾನೆ. ಬೆಳೆಸಾಲ, ಬೆಳೆವಿಮೆ, ಬರ ಪರಿಹಾರ ಎಲ್ಲ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಅಜ್ಜನೇ ತೀರಿಕೊಂಡಿದ್ದು ಪೌತಿ ಖಾತೆ ಆಗದೆ ಉಳಿದ ಮನೆಗಳೂ ಬೇಕಾದಷ್ಟಿವೆ: ವಂಶವೃಕ್ಷ ಆಗಬೇಕು, ಎಲ್ಲ ವಾರಸುದಾರರೂ ಒಪ್ಪಬೇಕು, ಒಪ್ಪದ ಒಬ್ಬ ಚಿಕ್ಕಪ್ಪ ಎಲ್ಲ ಮನೆಯಲ್ಲೂ ಇರುತ್ತಾನೆ. ಭೂಮಿ ಯೋಜನೆ ಬಂದು ಪಹಣಿಗಳು ಕಂಪ್ಯೂಟರ್ ಸೇರಿದ್ದರಿಂದ ಹಾಳೆ ಸಿಗುವುದು ಸುಲಭವಾಯಿತು. ಹಾಳೆಯ ಮೇಲಿನ ಹೆಸರು ಬದಲಾಗುವುದು ಮನೆಯೊಳಗಿನ ಸಂಗತಿಯಾಗಿಯೇ ಉಳಿಯಿತು.

ಈ ಹಿನ್ನೆಲೆಯಲ್ಲಿ ‘ತಿಥಿ’ಯ ಕೇಂದ್ರದಲ್ಲಿರುವ ಸುಳ್ಳು ಕಾಗದವನ್ನು ನೋಡಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಮಿತಾಕ್ಷರ ಸಂಪ್ರದಾಯ ಹೇಳುತ್ತದೆ. ಬೇಕೆಂದರೆ ಮಗ ವಿಭಾಗ ಕೇಳಿ ಕೋರ್ಟಿಗೆ ಹೋಗಬಹುದು. ಅಲ್ಲಿ ಎಷ್ಟು ವರ್ಷ ಹಿಡಿಯುತ್ತದೆಂದು ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ. ಕಚೇರಿಯ ಲೆಕ್ಕದಲ್ಲಿ ಅಪ್ಪ ಮನಸ್ಸು ಮಾಡಿ ಕೊಡಬೇಕು, ಇಲ್ಲವೆ ಅಪ್ಪ ಸಾಯಬೇಕು. ಹುಟ್ಟಿನಿಂದ ಬಂದ ಹಕ್ಕನ್ನು ಬಳಸಲು ತಮ್ಮಣ್ಣನಿಗೆ ಮರಣ ಪ್ರಮಾಣಪತ್ರ ಬೇಕಾಗುತ್ತದೆ. ಚಿತ್ರದ ಹಾಸ್ಯವೂ ಇಲ್ಲೇ ಇದೆ, ನೋವೂ ಇಲ್ಲೇ ಇದೆ. ತಮ್ಮಣ್ಣ ಅಪ್ಪನ ಮೇಲಿನ ದ್ವೇಷದಿಂದ ಅವನನ್ನು ಕಾಗದದಲ್ಲಿ ಕೊಲ್ಲುವುದಿಲ್ಲ. ಅಪ್ಪನಿಗೆ ಊಟ, ದುಡ್ಡು, ಬಟ್ಟೆ ಯಾವುದಕ್ಕೂ ಆತ ಅಡ್ಡ ಬಂದವನಲ್ಲ. ಅಪ್ಪ ಬದುಕಿರುವಾಗ ಮಗನಾದವನು ಪೂರಾ ಮನುಷ್ಯನಾಗಲಾರ ಎಂಬ ವ್ಯವಸ್ಥೆಯೊಳಗೆ ಆತನಿಗೆ ಹೊಳೆದ ಒಂದೇ ದಾರಿ ಅದು. ಅದು ಅಪರಾಧವೇ, ಅದರಲ್ಲಿ ಸಂಶಯವಿಲ್ಲ. ಆದರೆ ಅಪ್ಪ ಒಂದು ದಿನ ಕಚೇರಿಗೆ ಬಂದು ಕೂತಿದ್ದರೆ ನಡೆಯಬೇಕಾಗಿಯೇ ಇರದಿದ್ದ ಅಪರಾಧ.

2016ರಲ್ಲೇ ತೆರೆಕಂಡ ಇನ್ನೊಂದು ಚಿತ್ರವನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲೂ ಒಬ್ಬ ಅಪ್ಪ ಕಾಣೆಯಾಗುತ್ತಾನೆ. ಅನಂತ್ ನಾಗ್ ಅಭಿನಯಿಸಿದ ವೆಂಕೋಬ ರಾವ್‌ಗೆ ಮರೆವಿನ ಕಾಯಿಲೆ. ಕೆಲಸದ ಬೆನ್ನು ಹತ್ತಿ ದೂರವಾದ ಮಗ ಶಿವನ ಜೊತೆ ಹೊರಗೆ ಬಂದಾಗ ತಪ್ಪಿಸಿಕೊಳ್ಳುತ್ತಾರೆ. ಮಗ ಹುಡುಕಿಕೊಂಡು ಹೊರಡುತ್ತಾನೆ. ಚಿತ್ರದ ಹೆಸರೇ ಕಾಣೆಯಾದವರ ಪ್ರಕಟಣೆಯ ಭಾಷೆಯದು. ಒಂದರಲ್ಲಿ ಮಗನ ಕೈಯಲ್ಲಿರುವುದು ‘ಅಪ್ಪ ಕಾಣೆಯಾಗಿದ್ದಾರೆ’ ಎಂಬ ಕಾಗದ, ಇನ್ನೊಂದರಲ್ಲಿ ‘ಅಪ್ಪ ತೀರಿಹೋಗಿದ್ದಾನೆ’ ಎಂಬ ಕಾಗದ. ನಗರದ ಮಧ್ಯಮವರ್ಗದ ಮಗನಿಗೆ ಅಪ್ಪನಿಂದ ಬೇಕಾದದ್ದು ಏನೂ ಉಳಿದಿಲ್ಲ. ಸಂಬಳ ಅವನದೇ, ಮನೆ ಅವನದೇ. ಆದ್ದರಿಂದಲೇ ಅಪ್ಪನನ್ನು ಮರೆಯುವುದು ಅವನಿಗೆ ಸಾಧ್ಯವಾಯಿತು, ಪಶ್ಚಾತ್ತಾಪವೂ ಸಾಧ್ಯವಾಯಿತು. ಹಳ್ಳಿಯ ತಮ್ಮಣ್ಣನಿಗೆ ಆ ಸೌಕರ್ಯವಿಲ್ಲ. ಶಿವನ ಕತೆಯಲ್ಲಿ ಅಪ್ಪ ಮರಳಿ ಸಿಗುವುದು ಕುಟುಂಬ ಕೂಡುವ ಗಳಿಗೆ. ತಮ್ಮಣ್ಣನ ಕತೆಯಲ್ಲಿ ಅಪ್ಪ ಮರಳಿ ಬರುವುದು ಮಗ ಮುಳುಗುವ ಗಳಿಗೆ. ಮೊದಲನೆಯದನ್ನು ನೋಡಿ ಕಣ್ಣು ಒದ್ದೆ ಮಾಡಿಕೊಂಡ ನಾವು ಎರಡನೆಯದನ್ನು ನೋಡಿ ಮಗನಿಗೆ ಸರಿಯಾಗಿ ಆಯಿತು ಎಂದು ಹೊರಬಂದೆವು.

ಗಡ್ಡಪ್ಪನ ಪರವಾಗಿ ಹೇಳಬೇಕಾದದ್ದು ಬಹಳವಿದೆ. ನಮ್ಮ ನಾಡಿನಲ್ಲಿ ಮನೆ ಬಿಟ್ಟವರನ್ನು, ಆಸ್ತಿ ಒಲ್ಲೆ ಎಂದವರನ್ನು ನೋಡುವ ಒಂದು ಕಣ್ಣಿದೆ. ಶರಣರು, ಅವಧೂತರು, ಆರೂಢರು ಎಂದು ಕೈಮುಗಿಯುವ ಕಣ್ಣು. ಬಳ್ಳಾರಿ ಸೀಮೆಯಲ್ಲಂತೂ ತಾತನ ಗದ್ದುಗೆ ಇಲ್ಲದ ಊರು ಕಡಿಮೆ. ಆ ಕಣ್ಣಿಗೆ ಗಡ್ಡಪ್ಪ ತಕ್ಷಣ ಗುರುತು ಸಿಗುತ್ತಾನೆ. ಅವನ ನಿರಾಕರಣೆಗೆ ಕಾರಣವೂ ಇದೆ. ಮಗ ಸಾಗಹಾಕಿದ ಮೇಲೆ ಅವನು ಕುರಿಗಾಹಿಗಳ ಬಿಡಾರ ಸೇರಿಕೊಳ್ಳುತ್ತಾನೆ. ಅಲ್ಲಿ, ರಾತ್ರಿ ಬೆಂಕಿಯ ಮುಂದೆ ತನ್ನ ಕತೆ ಹೇಳುತ್ತಾನೆ. ತನ್ನ ಹೆಂಡತಿಗೂ ತನ್ನ ಹೆತ್ತ ಅಪ್ಪನಿಗೂ ಇದ್ದ ಸಂಬಂಧದ ಕತೆ. ಚಿತ್ರದುದ್ದಕ್ಕೂ ನಗಿಸಿದ ಮುದುಕನ ಬಾಯಿಂದ ಆ ಮಾತು ಬಂದಾಗ, ಮೊದಲ ದೃಶ್ಯದಲ್ಲಿ ನಾವು ನಕ್ಕು ಸ್ವಾಗತಿಸಿದ ಸೆಂಚುರಿ ಗೌಡ ಬೇರೆಯೇ ಮನುಷ್ಯನಾಗಿಬಿಡುತ್ತಾನೆ. ಆ ಐದು ಎಕರೆಯನ್ನು ಗಡ್ಡಪ್ಪ ಮುಟ್ಟದಿರುವುದು ವೈರಾಗ್ಯದಿಂದಲ್ಲ, ಅಸಹ್ಯದಿಂದ ಎಂದು ತಿಳಿಯುತ್ತದೆ. ಸಂತನೆಂದು ನಾವು ತಿಳಿದವನು ಗಾಯಗೊಂಡ ಮಗ. ಅವನೂ ಒಬ್ಬ ಅಪ್ಪನಿಗೆ ಹುಟ್ಟಿ ಹಾಳಾದವನೇ.

ಈ ದೃಶ್ಯ ಚಿತ್ರದ ಶಿಖರ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ನಾನು ಕೇಳಬಯಸುವುದು ಬೇರೆ: ಈ ಕತೆಯನ್ನು ಕೇಳುತ್ತಿರುವವರು ಯಾರು? ಗಡ್ಡಪ್ಪನ ಜೊತೆ ಕೆಲವೇ ದಿನಗಳ ಪರಿಚಯದ ಕುರಿಗಾಹಿಗಳು. ಸುಗ್ಗಿ ಮುಗಿದ ಮೇಲೆ ನಮ್ಮ ಕುರುಗೋಡು, ಸಿರುಗುಪ್ಪ ಕಡೆಯ ಹೊಲಗಳಲ್ಲೂ ಇಂಥವರು ಕುರಿ ತರುಬಿಸಿಕೊಂಡು ನಾಲ್ಕು ದಿನ ಇದ್ದು ಮುಂದಿನ ಊರಿಗೆ ಹೋಗುತ್ತಾರೆ. ಹೋಗುವವರ ಮುಂದೆ ಮನಸ್ಸು ಬಿಚ್ಚುವುದು ಸುಲಭ, ಗುಟ್ಟು ಅವರ ಜೊತೆಗೇ ಊರು ಬಿಡುತ್ತದೆ. ಕೇಳಲೇಬೇಕಾಗಿದ್ದ ತಮ್ಮಣ್ಣ ಆ ಬೆಂಕಿಯ ಸುತ್ತ ಇಲ್ಲ. ಅಪ್ಪ ಯಾಕೆ ಹೀಗೆ ಎಂಬ ಪ್ರಶ್ನೆಗೆ ಉತ್ತರ ಪ್ರೇಕ್ಷಕರಾದ ನಮಗೆ ಸಿಕ್ಕಿತು, ಅಪರಿಚಿತ ಕುರಿಗಾಹಿಗಳಿಗೆ ಸಿಕ್ಕಿತು, ಮಗನಿಗೆ ಸಿಗಲಿಲ್ಲ. ‘ಗೋಧಿ ಬಣ್ಣ...’ದಲ್ಲಿ ವೆಂಕೋಬ ರಾವ್ ತಮ್ಮ ಪ್ರೇಮದ ಕತೆಯನ್ನು ವೈದ್ಯೆ ಸಹನಾಗೆ ಹೇಳಿಕೊಂಡಿರುತ್ತಾರೆ, ಆಕೆಯ ಮೂಲಕವಾದರೂ ಅದು ಮಗನನ್ನು ಮುಟ್ಟುತ್ತದೆ. ಅಪ್ಪನನ್ನು ಹುಡುಕುವ ಹೊತ್ತಿಗೆ ಅಪ್ಪ ಯಾರೆಂದು ಶಿವನಿಗೆ ಗೊತ್ತಾಗುತ್ತಿರುತ್ತದೆ. ‘ತಿಥಿ’ಯಲ್ಲಿ ಆ ದಾರಿಯೂ ಮುಚ್ಚಿದೆ.

ನನ್ನ ಓದಿನ ತಿರುಳು ಇಷ್ಟೇ. ಬೆಳೆದ ಮಗನಿಗೆ ಅಪ್ಪ ಬುದ್ಧಿ ಹೇಳಲಾರ, ಹೊಡೆಯಲಾರ, ಎತ್ತಿಕೊಳ್ಳಲಾರ. ಕೊಡಬಹುದಾದದ್ದು ಎರಡು ಉಳಿದಿರುತ್ತವೆ: ಒಂದು ಸಹಿ, ಇನ್ನೊಂದು ತನ್ನ ಕತೆ. ಸಹಿ ಹಾಕದಿದ್ದರೂ ‘ಯಾಕೆ ಹಾಕುವುದಿಲ್ಲ ಗೊತ್ತಾ ಮಗಾ’ ಎಂದು ಕೂರಿಸಿ ಹೇಳಿದ್ದರೆ ಮಗ ಅದನ್ನು ತಾಳಿಕೊಳ್ಳಬಹುದಿತ್ತು. ಆ ಜಮೀನನ್ನೇ ಬೇಡವೆನ್ನುತ್ತಿದ್ದನೋ ಏನೋ. ಕತೆ ಹೇಳದಿದ್ದರೂ ಸಹಿ ಹಾಕಿದ್ದರೆ ಮಗನ ಸಂಸಾರ ನಡೆಯುತ್ತಿತ್ತು. ಗಡ್ಡಪ್ಪ ಎರಡನ್ನೂ ತಡೆಹಿಡಿದ. ತಡೆಹಿಡಿದದ್ದಕ್ಕೆ ನಾವು ಅವನಿಗೆ ಬಿಡುಗಡೆ ಪಡೆದವನೆಂಬ ಹೆಸರು ಕೊಟ್ಟೆವು.

ಅಭಿಯ ಕಡೆ ತಿರುಗಿದರೆ ಈ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. ತಿಥಿಯ ಊಟಕ್ಕೆ ಜನರನ್ನು ಕರೆಯುವ ಕೆಲಸ, ಕುರಿ ತರುವ ಕೆಲಸ ಅಭಿಯ ಪಾಲಿನದು. ಜನರನ್ನು ಕರೆಯುವುದನ್ನು ಅವನು ನೆಟ್ಟಗೆ ಮಾಡುವುದಿಲ್ಲ. ದುಡ್ಡು ಇಸ್ಪೀಟಿನಲ್ಲಿ ಹೋಗುತ್ತದೆ, ಕುರಿ ಕಳ್ಳತನದಿಂದ ಬರುತ್ತದೆ. ಮುತ್ತಜ್ಜನ ತಿಥಿಯ ಊಟಕ್ಕೆ ಕದ್ದ ಕುರಿ, ಅದೂ ತಾತನಿಗೆ ಬೆಂಕಿ ಮುಂದೆ ಜಾಗ ಕೊಟ್ಟವರ ಮಂದೆಯಿಂದ! ಅಭಿ ಕೆಟ್ಟ ಹುಡುಗನೇನಲ್ಲ. ಅವನನ್ನು ಯಾರೂ ನೋಡುತ್ತಿಲ್ಲ, ಅಷ್ಟೇ. ತಮ್ಮಣ್ಣ ಮಗನಿಗೆ ಕೆಲಸ ಹೇಳುತ್ತಾನೆ, ದುಡ್ಡು ಕೊಡುತ್ತಾನೆ, ಆಗಾಗ ಗದರುತ್ತಾನೆ, ಮತ್ತೆ ತನ್ನ ಕಾಗದದ ಹಿಂದೆ ಓಡುತ್ತಾನೆ. ಮಗನಾಗಿರುವ ಕೆಲಸವೇ ಮುಗಿಯದ ಮನುಷ್ಯನಿಗೆ ಅಪ್ಪನಾಗಲು ಹೊತ್ತೆಲ್ಲಿ? ಸೆಂಚುರಿ ಗೌಡನಿಂದ ಗಡ್ಡಪ್ಪನಿಗೆ, ಗಡ್ಡಪ್ಪನಿಂದ ತಮ್ಮಣ್ಣನಿಗೆ, ತಮ್ಮಣ್ಣನಿಂದ ಅಭಿಗೆ ಜಮೀನು ದಾಟಿತೋ ಇಲ್ಲವೋ, ಅಪ್ಪ ಕೈಗೆ ಸಿಗದಿರುವ ಕಷ್ಟ ಮಾತ್ರ ಯಾವ ಪೌತಿ ಖಾತೆಯೂ ಬೇಕಾಗದೆ ದಾಟಿಬಂದಿದೆ.

ಸಿಗದ ಅಪ್ಪಂದಿರಲ್ಲಿ ಇನ್ನೊಂದು ಬಗೆಯೂ ಉಂಟು. ಆಗಿನ ಬಳ್ಳಾರಿ ಜಿಲ್ಲೆಯ ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕತೆಯೊಂದನ್ನು ಆಧರಿಸಿ ಗಿರೀಶ ಕಾಸರವಳ್ಳಿ 2011ರಲ್ಲಿ ‘ಕೂರ್ಮಾವತಾರ’ ಮಾಡಿದರು. ನಿವೃತ್ತಿಯ ಅಂಚಿನ ಸರ್ಕಾರಿ ನೌಕರ ಆನಂದರಾವ್ ನೋಡಲು ಗಾಂಧಿಯ ಹಾಗೆ ಇರುವುದರಿಂದ ಟಿವಿ ಧಾರಾವಾಹಿಯಲ್ಲಿ ಗಾಂಧಿಯ ಪಾತ್ರ ಸಿಗುತ್ತದೆ. ಮನೆಯಲ್ಲಿ ಮಗನೊಂದಿಗೆ ಮೊದಲಿನಿಂದ ಅಂತರ. ಗಾಂಧಿಯ ಪಾತ್ರ ಹಾಕಿದವನು ಹರಿಲಾಲನ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರ. ದಕ್ಷಿಣ ಆಫ್ರಿಕಾದಲ್ಲಿ ಅಪ್ಪನ ಸತ್ಯಾಗ್ರಹಕ್ಕಾಗಿ ಮತ್ತೆ ಮತ್ತೆ ಜೈಲಿಗೆ ಹೋದ ಹಿರಿಮಗ, 1915ರಲ್ಲಿ ಅಪ್ಪನಿಗೆ ಬಹಿರಂಗ ಪತ್ರ ಬರೆದವನು, ಅಪ್ಪನ ಹತ್ಯೆಯಾದ ವರ್ಷವೇ, 1948ರ ಜೂನ್‌ನಲ್ಲಿ, ಹೆಚ್ಚುಕಡಿಮೆ ಅನಾಥನಂತೆ ತೀರಿಕೊಂಡವನು. ಹರಿಲಾಲನಿಗೆ ಅಪ್ಪ ಕೊಡದೆ ಉಳಿದದ್ದು ವಿಲಾಯತಿಯ ಓದು. ಕೊಡದಿರಲು ಇದ್ದ ಕಾರಣ ತತ್ವ. ಗಾಂಧಿ ತತ್ವದಿಂದ, ಆನಂದರಾವ್ ತನ್ನ ಕೆಲಸದಿಂದ, ಗಡ್ಡಪ್ಪ ತನ್ನ ಗಾಯದಿಂದ ಮಕ್ಕಳಿಗೆ ಸಿಗದೆ ಹೋದರು. ಗಾಂಧಿಯನ್ನು ಗಡ್ಡಪ್ಪನ ಪಕ್ಕ ಕೂರಿಸುವುದು ಕೆಲವರಿಗೆ ಸರಿ ಕಾಣದಿರಬಹುದು. ಆದರೆ ಮಗನಾದವನ ಜಾಗದಿಂದ ನೋಡಿದರೆ, ಅಪ್ಪ ‘ಇಲ್ಲ’ ಎಂದಾಗ ಅದು ದೊಡ್ಡ ತತ್ವದ ‘ಇಲ್ಲ’ವೋ ಬ್ರಾಂಡಿಯ ‘ಇಲ್ಲ’ವೋ ಎಂಬುದು ಎರಡನೆಯ ಪ್ರಶ್ನೆ. ಒಂದು ಮಾತು ಮಾತ್ರ ಗಾಂಧಿಯ ಪರ ಹೇಳಬೇಕು. ಅವರು ಮಗನೊಂದಿಗೆ ಪತ್ರಗಳಲ್ಲಿ ಜಗಳವಾಡಿದರು, ಕಾರಣ ಹೇಳಿದರು. ಹರಿಲಾಲನಿಗೆ ಎದುರು ನಿಂತು ಬೈಯಲು ಒಬ್ಬ ಅಪ್ಪನಾದರೂ ಇದ್ದ. ತಮ್ಮಣ್ಣನಿಗೆ ಅದೂ ಇಲ್ಲ.

ಇಷ್ಟು ಹೊತ್ತು ಅಪ್ಪ, ಮಗ, ಮೊಮ್ಮಗ ಎಂದೇ ಮಾತಾಡಿದೆ. ಚಿತ್ರವೂ ಹಾಗೆಯೇ ಮಾತಾಡುತ್ತದೆ, ಅದರ ದೊಡ್ಡ ಕೊರತೆ ಅದು. ಈ ಮನೆಯ ಹೆಣ್ಣುಮಕ್ಕಳೆಲ್ಲಿ? ತಮ್ಮಣ್ಣನ ಹೆಂಡತಿ ಇದ್ದಾಳೆ, ಆದರೆ ಗಂಡನ ಹಗರಣದ ಬಗ್ಗೆ, ಮಗನ ದಾರಿಯ ಬಗ್ಗೆ ಆಕೆಗೆ ಏನನ್ನಿಸುತ್ತದೆಂದು ಚಿತ್ರ ಕೇಳುವುದಿಲ್ಲ. ಗಡ್ಡಪ್ಪನ ಹೆಂಡತಿ ಗಂಡನ ಕತೆಯೊಳಗೆ ಮಾತ್ರ ಇದ್ದಾಳೆ. ಅವಳಿಗೂ ಮಾವನಿಗೂ ನಡುವೆ ನಡೆದದ್ದು ಅವಳ ಇಚ್ಛೆಯೋ ಬಲವಂತವೋ ಎಂದು ಕೇಳುವವರು ಬೆಂಕಿಯ ಸುತ್ತ ಯಾರೂ ಇಲ್ಲ. ನಮ್ಮ ಭಾನುವಾರದ ಗುಂಪಿನಲ್ಲಿ ಕುರುಗೋಡಿನ ಗೆಳತಿಯೊಬ್ಬಳಿದ್ದಾಳೆ. ಸಿನಿಮಾ ಮುಗಿದ ಮೇಲೆ ನಾವು ಗಂಡಸರು ತಮ್ಮಣ್ಣನೋ ಗಡ್ಡಪ್ಪನೋ ಎಂದು ವಾದ ಮಾಡುತ್ತಿರುವಾಗ ಆಕೆ ಹೇಳಿದಳು: “ನಮ್ಮನಿ ವಂಶವೃಕ್ಷದಾಗ ನನ್ನ ಹೆಸರೂ ಐತಿ. ಸಹಿ ಬೇಕಾದಾಗ ಮಾತ್ರ ಕರೀತಾರ. ಗಡ್ಡಪ್ಪ ಹಾಕಂಗಿಲ್ಲ ಅಂದ, ದೊಡ್ಡ ಮನುಷ್ಯ ಆದ. ನಾ ಹಾಕಂಗಿಲ್ಲ ಅಂದ್ರ ತವರುಮನಿ ಕಳಕಂತೀನಿ.”

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಇದೆ. ಅದರ ಬೆನ್ನಲ್ಲೇ ಹಕ್ಕು ಬಿಡುಗಡೆ ಪತ್ರದ ಮೇಲೆ ಅವರ ಸಹಿ ಪಡೆಯುವ ರೂಢಿಯೂ ಗಟ್ಟಿಯಾಯಿತು. ಸೀರೆ, ಕುಪ್ಪಸ, ಅರಿಶಿನ ಕುಂಕುಮ ಕೊಟ್ಟು ರಿಜಿಸ್ಟರ್ ಆಫೀಸಿಗೆ ಕರೆದೊಯ್ಯುವುದನ್ನು ನಾವೆಲ್ಲ ನೋಡಿದ್ದೇವೆ. ಅಪ್ಪನ ಸಹಿ ಕಾಯುತ್ತ ಮಗ ಮುದುಕನಾಗುವುದು ಒಂದು ಕಡೆ, ಮಗಳ ಸಹಿ ಕ್ಷಣದಲ್ಲಿ ಪಡೆದು ಕಳಿಸುವುದು ಇನ್ನೊಂದು ಕಡೆ. ಈ ಎರಡನ್ನೂ ಒಟ್ಟಿಗೆ ತೋರಿಸುವ ಕನ್ನಡ ಸಿನಿಮಾ ಇನ್ನೂ ಬರಬೇಕು. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಊರಿನಲ್ಲಿ ತೆಗೆದ, ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ (2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದದ್ದು) ಈ ದಾರಿಯಲ್ಲಿ ಒಂದು ಹೆಜ್ಜೆ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ತಾಯಿ, ಹಾಸಿಗೆ ಹಿಡಿದ ಗಂಡನಿಗೆ ಗುಣವಾಗಲೆಂದು ಪುಡಿ ಮಾರುವ ಜಾಲಕ್ಕೆ ಬಿದ್ದಾಗ, ಎದುರು ನಿಂತು ಲೆಕ್ಕ ಕೇಳುವವಳು ಬೆಳೆದ ಮಗಳು. ಅಲ್ಲಿ ಹೆತ್ತವಳೂ ಮಗಳೂ ಒಂದೇ ಸೂರಿನಡಿ ಮುಖಾಮುಖಿ ಜಗಳವಾಡುತ್ತಾರೆ. ಸಾಗಹಾಕುವ, ಓಡಿಹೋಗುವ ಅವಕಾಶ ಹೆಂಗಸರಿಗಿಲ್ಲ. ಆ ಜಗಳ ನೋಡಿದ ಮೇಲೆ ‘ತಿಥಿ’ಯ ಗಂಡಸರ ಮೌನ ಎಷ್ಟು ದುಬಾರಿಯದೆಂದು ಗೊತ್ತಾಗುತ್ತದೆ.

ಹಾಗಾದರೆ ‘ತಿಥಿ’ ತಮ್ಮಣ್ಣನಿಗೆ ಅನ್ಯಾಯ ಮಾಡಿತೆ? ಪೂರ್ತಿ ಹಾಗೆನ್ನಲಾರೆ. ಚಿತ್ರದ ಕ್ಯಾಮೆರಾ ಗಡ್ಡಪ್ಪನನ್ನು ಬಯಲಿನಲ್ಲಿ, ದೂರದಿಂದ, ತಾಳ್ಮೆಯಿಂದ ನೋಡುತ್ತದೆ. ತಮ್ಮಣ್ಣ ಕಾಣುವುದು ಕಚೇರಿಯ ಮೇಜಿನ ಎದುರು, ಸಾಲ ಕೊಡುವವರ ಎದುರು, ಯಾವಾಗಲೂ ಯಾರದೋ ಮುಖ ನೋಡುತ್ತ. ಒಬ್ಬನಿಗೆ ಆಕಾಶ, ಇನ್ನೊಬ್ಬನಿಗೆ ಗೋಡೆ. ಇದರಿಂದ ನಮ್ಮ ಪ್ರೀತಿ ಯಾವ ಕಡೆ ಹರಿಯಬೇಕೆಂಬುದು ಮೊದಲೇ ನಿರ್ಧಾರವಾಗುತ್ತದೆ. ಆದರೆ ತಮ್ಮೇಗೌಡರು ಆ ಪಾತ್ರಕ್ಕೆ ತಂದ ಮುಖವೊಂದಿದೆ. ಬೇಡುವಾಗ ಅರ್ಧ ನಗುವ, ಸಿಟ್ಟು ಬಂದಾಗಲೂ ಪೂರಾ ಸಿಟ್ಟಾಗಲು ಹೆದರುವ ಮುಖ. ನಟನೆ ಕಲಿತವರಿಗೆ ಅದು ಸುಲಭದಲ್ಲಿ ಬರುವುದಿಲ್ಲ. ಕಚೇರಿಯಲ್ಲಿ ಕಾಯ್ದು ಗೊತ್ತಿರುವವರ ಮುಖ ಅದು. ಚಿತ್ರ ತನ್ನ ಮನಸ್ಸನ್ನು ಗಡ್ಡಪ್ಪನಿಗೆ ಕೊಟ್ಟಿದ್ದರೂ ಸಾಕ್ಷ್ಯವನ್ನು ತಮ್ಮಣ್ಣನ ಮುಖದಲ್ಲಿ ಅಳಿಸದೆ ಉಳಿಸಿದೆ. ಅದನ್ನು ಓದದೆ ಹೋದವರು ನಾವು. ಚಿತ್ರ ಗೆದ್ದ ಬೆನ್ನಲ್ಲೇ ‘ತರ್ಲೆ ವಿಲೇಜ್’ನಂಥ ಸಿನಿಮಾಗಳು ಗಡ್ಡಪ್ಪ, ಸೆಂಚುರಿ ಗೌಡರನ್ನು ಕರೆದು ನಗಿಸಿದವು. ಮುದುಕರ ಒರಟುತನ, ಬೇಜವಾಬ್ದಾರಿ ಎರಡೂ ಮಾರಾಟವಾಗುವ ತಮಾಷೆಯಾದವು. ಮಗನ ಪಾಡು ತಮಾಷೆಗೆ ಒದಗಲಿಲ್ಲ.

ಈ ವಿಷಯಕ್ಕೆ ನನ್ನಂಥವರು ಹೊರಗಿನವರಲ್ಲ. ಇಪ್ಪತ್ತೆಂಟು ದಾಟಿಯೂ ‘ಓದು ಯಾವಾಗ ಮುಗಿಯುತ್ತದೆ’ ಎಂಬ ಪ್ರಶ್ನೆಗೆ ಪ್ರತಿ ಹಬ್ಬಕ್ಕೂ ಹೊಸ ಉತ್ತರ ಹುಡುಕುವ ಪಿಎಚ್.ಡಿ. ವಿದ್ಯಾರ್ಥಿಗಳು, ಸ್ಪರ್ಧಾತ್ಮಕ ಪರೀಕ್ಷೆಗೆ ವರ್ಷಗಟ್ಟಲೆ ಕೂತವರು, ಜೀನ್ಸ್ ಘಟಕದಲ್ಲಿ ಹೊಲಿಗೆ ಹಾಕಿಕೊಂಡು ಊರಿನ ಎರಡೆಕರೆಯ ಕಡೆ ಒಂದು ಕಣ್ಣಿಟ್ಟವರು ಬಳ್ಳಾರಿಯಲ್ಲಿ ಬಹಳ ಜ‌ನ ಇದ್ದೇವೆ. ನಮ್ಮನ್ನು ‘ದಾರಿಗೆ ಹತ್ತದ ಮಕ್ಕಳು’ ಎಂದು ಮನೆಯಲ್ಲಿ ಮಾತಾಡಿಕೊಳ್ಳುತ್ತಾರೆ. ಹೆತ್ತವರ ಆತಂಕ ಸುಳ್ಳಲ್ಲ. ನಮ್ಮ ಪೈಕಿ ದಾರಿ ತಪ್ಪಿದವರೂ ಇದ್ದಾರೆ. ಆದರೆ ಯಾವ ಅಪ್ಪನೂ ತಾನು ನಮ್ಮ ವಯಸ್ಸಿನಲ್ಲಿದ್ದಾಗ ಎಲ್ಲಿ ಸೋತೆ, ಯಾರಿಂದ ಪೆಟ್ಟು ತಿಂದೆ, ಯಾವ ಚಿಕ್ಕಪ್ಪನ ಜೊತೆ ಯಾಕೆ ಮಾತು ಬಿಟ್ಟೆ ಎಂದು ಕೂತು ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ. ಹೊಲದ ಬದು ಎಲ್ಲಿಯವರೆಗೆ ಎಂದು ನಡೆಸಿಕೊಂಡು ಹೋಗಿ ತೋರಿಸುತ್ತಾರೆ. ಆ ಬದುವಿನ ಮೇಲೆ ಏನೇನು ನಡೆಯಿತೆಂದು ಹೇಳುವುದಿಲ್ಲ.

‘ತಿಥಿ’ಯ ಕೊನೆಗೆ ತಮ್ಮಣ್ಣನ ಸುಳ್ಳು ನಿಲ್ಲುವುದಿಲ್ಲ. ಕಾಗದದಲ್ಲಿ ಸತ್ತವನು ಎಲ್ಲರ ಕಣ್ಣೆದುರೇ ಬದುಕಿದ್ದಾನೆ. ಅತ್ತ ಅಭಿಗೆ ಕಾವೇರಿ ಒಲಿಯುತ್ತಾಳೆ. ಗಡ್ಡಪ್ಪ ಮೊದಲಿನಂತೆಯೇ ಇದ್ದಾನೆ. ಬದಲಾದದ್ದು ತಮ್ಮಣ್ಣನ ಸಾಲದ ಲೆಕ್ಕ. ತಿಥಿಯಲ್ಲಿ ಸತ್ತವರಿಗೆ ಎಡೆ ಇಟ್ಟು, ಉಂಡು ಹೋಗಿ, ಇನ್ನು ನಮ್ಮನ್ನು ಬಿಡಿ ಎಂದು ಬೇಡಿಕೊಳ್ಳುವುದು ವಾಡಿಕೆ. ಸೆಂಚುರಿ ಗೌಡನಿಗೆ ಆ ಎಡೆ ಸಂದಿತು. ಬದುಕಿರುವ ಅಪ್ಪನಿಂದ ಬಿಡುಗಡೆ ಬೇಡಲು ನಮ್ಮಲ್ಲಿ ಯಾವ ಶಾಸ್ತ್ರವೂ ಇಲ್ಲ. ಮುಂದಿನ ಸಲ ಈ ಚಿತ್ರ ನೋಡುವವರು ಗಡ್ಡಪ್ಪನ ಹಿಂದೆ ಬಯಲಿಗೆ ಹೋಗುವ ಮೊದಲು, ಕಚೇರಿಯಲ್ಲಿ ನಿಂತ ಆ ಮಗನ ಮುಖವನ್ನು ಒಂದು ಗಳಿಗೆ ನೋಡಲಿ.